ಬೆರಳು ಬಡಿದದ್ದು ಒಂದೇ ಸಲ, ಸುದ್ದಿ ಮೂರು ಸಲ ಬಂದದ್ದು ಹೇಗೆ?

ಕತ್ತಲಲ್ಲಿ ನಡೆಯುವಾಗ ಕಾಲಿನ ಕಿರುಬೆರಳು ಮಂಚದ ಕಾಲಿಗೆ ಬಡಿಯುತ್ತದೆ. ಬಡಿದದ್ದು ಆ ಕ್ಷಣವೇ ಗೊತ್ತಾಗುತ್ತದೆ. ಅದರ ಬೆನ್ನಿಗೇ ಸೂಜಿ ಚುಚ್ಚಿದಂಥ ಚುರುಕು ನೋವು. ಆಮೇಲೆ ಒಂದು ಸಣ್ಣ ಬಿಡುವು. ‘ಈಗ ಬರುತ್ತೆ, ಈಗ ಬರುತ್ತೆ’ ಅಂತ ಹಲ್ಲು ಕಚ್ಚಿಕೊಂಡು ಕಾಯುವಷ್ಟು ಹೊತ್ತು. ಆಮೇಲೆ ಬರುತ್ತದೆ ನೋಡಿ ಅಸಲಿ ನೋವು. ಉರಿಉರಿಯಾಗಿ, ನಿಧಾನಕ್ಕೆ ಏರುತ್ತಾ.

ಬಡಿದದ್ದು ಒಂದೇ ಸಲ, ಒಂದೇ ಜಾಗಕ್ಕೆ. ಸುದ್ದಿ ಮಾತ್ರ ಮೂರು ಕಂತಿನಲ್ಲಿ ಬಂತು. ಈ ಪ್ರಶ್ನೆಯ ಬಾಲ ಹಿಡಿದು ಹೋದರೆ ನರಕೋಶ ಹೇಗಿದೆ, ಏನು ಮಾಡುತ್ತದೆ ಎಂಬುದೆಲ್ಲ ದಾರಿಯಲ್ಲೇ ಸಿಗುತ್ತದೆ. ಶಾಲೆಯಲ್ಲಿ ನಾವೆಲ್ಲ ನರಕೋಶದ ಚಿತ್ರ ಬರೆದು, ಬಾಣ ಎಳೆದು, ಭಾಗಗಳ ಹೆಸರು ಬಾಯಿಪಾಠ ಮಾಡಿದ್ದೇವೆ. ಆ ಚಿತ್ರದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ನೋಡಿದವರು ನರ ಎಂದರೆ ಒಂದು ಥರದ ಕರೆಂಟಿನ ತಂತಿ ಅಂದುಕೊಂಡುಬಿಡುತ್ತಾರೆ. ಅದು ತಂತಿ ಅಲ್ಲ. ತಂತಿಯಾಗಿದ್ದರೆ ಸುದ್ದಿ ಮೂರು ಸಲ ಬರುತ್ತಲೇ ಇರಲಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆಡುಮಾತಿನಲ್ಲಿ ‘ನರ’ ಎನ್ನುವ ಪದವನ್ನು ನಾವು ಎಲ್ಲದಕ್ಕೂ ಬಳಸುತ್ತೇವೆ. ಮುಂಗೈ ಮೇಲೆ ಉಬ್ಬಿ ಕಾಣುವ ನೀಲಿ ಗೆರೆಗಳನ್ನೂ ನರ ಅಂತೀವಿ. ಅವು ರಕ್ತನಾಳಗಳು. ಕತ್ತು ಉಳುಕಿದರೆ ‘ನರ ಹಿಡ್ಕೊಂಡಿದೆ’ ಅಂತೀವಿ. ಎಷ್ಟೋ ಸಲ ಅದು ಬರೀ ಸ್ನಾಯು. ನಿಜವಾದ ನರ ಬೆಳ್ಳಗಿನ ಹುರಿಯ ಹಾಗಿರುತ್ತದೆ. ಬಿಡಿಸಿ ನೋಡಿದರೆ ಒಳಗೆ ಸಾವಿರಾರು ಎಳೆಗಳು. ಒಂದೊಂದು ಎಳೆಯೂ ಒಂದೊಂದು ನರಕೋಶದ ಬಾಲ.

ಬೆನ್ನಲ್ಲಿ ಮನೆ, ಬೆರಳಲ್ಲಿ ತುದಿ

ನಿಮ್ಮ ಕಿರುಬೆರಳಿನ ಸುದ್ದಿ ತರುವ ನರಕೋಶ ಕಿರುಬೆರಳಿನಲ್ಲಿಲ್ಲ. ಅದರ ಮುಖ್ಯ ಭಾಗ, ಅಂದರೆ ಕೋಶಕೇಂದ್ರ ಇರುವ ಕೋಶಕಾಯ, ಸೊಂಟದ ಹತ್ತಿರ, ಬೆನ್ನುಮೂಳೆಯ ಸಂದಿಯಲ್ಲಿ ಕೂತಿದೆ. ಅಲ್ಲಿಂದ ಹೊರಟ ಒಂದು ಎಳೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ತೊಡೆ, ಮೊಣಕಾಲು, ಹಿಮ್ಮಡಿ ದಾಟಿ ಬೆರಳಿನ ಚರ್ಮದವರೆಗೆ ಇಳಿಯುತ್ತದೆ. ಇನ್ನೊಂದು ಬೆನ್ನುಹುರಿಯೊಳಗೆ ಹೋಗುತ್ತದೆ. ಈ ಉದ್ದನೆಯ ಎಳೆಗೆ ಆಕ್ಸಾನ್ ಎಂದು ಹೆಸರು.

ಉದ್ದ ಎಂದರೆ ಎಷ್ಟು ಉದ್ದ? ಇಂಥ ಕೋಶಕಾಯದ ಅಗಲ ಸುಮಾರು 0.05 ಮಿಲಿಮೀಟರ್. ಬರಿಗಣ್ಣಿಗೆ ಕಂಡರೂ ಒಂದು ಚುಕ್ಕಿ. ಆಕ್ಸಾನ್ ಸುಮಾರು ಒಂದು ಮೀಟರ್. ಕೋಶಕಾಯ ನಿಮ್ಮ ಮುಷ್ಟಿಯಷ್ಟು ದೊಡ್ಡದು ಅಂದುಕೊಳ್ಳಿ. ಆಗ ಅದರ ಬಾಲ ಎರಡು ಕಿಲೋಮೀಟರ್ ಆಚೆ ಇರುತ್ತದೆ. ಸ್ಪರ್ಶದ ಸುದ್ದಿ ತರುವ ಕೆಲವು ಕೋಶಗಳಂತೂ ಇನ್ನೂ ಉದ್ದ. ಅವುಗಳ ಮೇಲಿನ ಕವಲು ಬೆನ್ನುಹುರಿಯ ಉದ್ದಕ್ಕೂ ಹತ್ತಿ ಮೆದುಳಿನ ಬುಡದವರೆಗೆ ಹೋಗುತ್ತದೆ. ಕಾಲ್ಬೆರಳಿನಿಂದ ತಲೆಬುರುಡೆಯ ಬುಡದ ತನಕ ಒಂದೇ ಒಂದು ಜೀವಕೋಶ! ನನಗೆ ಇದು ಈಗಲೂ ನಂಬಲು ಕಷ್ಟವಾಗುವ ಸಂಗತಿ.

ಇಷ್ಟು ಉದ್ದದ ಬಾಲ ಸಾಕುವುದು ಸುಲಭವಲ್ಲ. ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಕೋಶಕಾಯದಲ್ಲಿ. ಅವುಗಳನ್ನು ಬೆರಳ ತುದಿಗೆ ಸಾಗಿಸಬೇಕು. ಆಕ್ಸಾನಿನ ಒಳಗೆ ಹಳಿಗಳಂಥ ಸಣ್ಣ ನಳಿಕೆಗಳಿವೆ. ಅವುಗಳ ಮೇಲೆ ಸರಕು ಹೊತ್ತು ‘ನಡೆಯುವ’ ಪ್ರೋಟೀನುಗಳಿವೆ. ವೇಗದ ಸರಕು ದಿನಕ್ಕೆ 200ರಿಂದ 400 ಮಿಲಿಮೀಟರ್ ಸಾಗುತ್ತದೆ. ಅಂದರೆ ಸೊಂಟದಿಂದ ಹೊರಟದ್ದು ಬೆರಳು ಮುಟ್ಟಲು ಮೂರು-ನಾಲ್ಕು ದಿನ ಬೇಕು. ನಿಧಾನದ ಸರಕು ದಿನಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ. ಅದರ ಪ್ರಯಾಣ ವರ್ಷಗಟ್ಟಲೆ.

ಸಕ್ಕರೆ ಕಾಯಿಲೆಯಲ್ಲಿ ನರಗಳು ಕೆಟ್ಟಾಗ ಮರಗಟ್ಟುವುದು ಸಾಮಾನ್ಯವಾಗಿ ಕಾಲ್ಬೆರಳಿನಿಂದಲೇ ಶುರುವಾಗುವುದಕ್ಕೂ ಈ ಉದ್ದಕ್ಕೂ ನಂಟಿದೆ. ಎಲ್ಲಕ್ಕಿಂತ ಉದ್ದದ ಎಳೆಗಳೇ ಮೊದಲು ಸೋಲುತ್ತವೆ. ಇನ್ನು, ಈ ಹಳಿಗಳ ಮೇಲೆ ಹಿಮ್ಮುಖ ಓಡಾಟವೂ ಇದೆ. ನಾಯಿ ಕಚ್ಚಿದ ಜಾಗದಿಂದ ರೇಬೀಸ್ ವೈರಸ್ ಮೆದುಳಿನ ಕಡೆ ಹೋಗುವುದು ಇದೇ ದಾರಿಯಲ್ಲಿ. ದಾರಿ ಉದ್ದ, ಸಮಯ ಬೇಕು. ಕಚ್ಚಿದ ಮೇಲೂ ಲಸಿಕೆ ಹಾಕಿಸಿ ಜೀವ ಉಳಿಸಲು ಸಾಧ್ಯವಾಗುವುದಕ್ಕೆ ಈ ನಿಧಾನವೂ ಒಂದು ಕಾರಣ.

ಎಲ್ಲ ನರಕೋಶಗಳೂ ಈ ಆಕಾರದವಲ್ಲ. ಬಡಿದ ಕಾಲನ್ನು ಹಿಂದಕ್ಕೆ ಎಳೆಯುವ ಚಲನೆಯ ಕೋಶ ಬೆನ್ನುಹುರಿಯೊಳಗೇ ಇದೆ. ಅದರ ಕಾಯದ ಸುತ್ತ ಡೆಂಡ್ರೈಟ್ ಎಂಬ ಗಿಡ್ಡ ಕವಲುಗಳು. ಬೇರೆ ಕೋಶಗಳ ಮಾತು ಕೇಳಿಸಿಕೊಳ್ಳುವುದು ಅವುಗಳ ಕೆಲಸ. ಒಂದೇ ಆಕ್ಸಾನ್ ಹೊರಟು ಸ್ನಾಯುವಿಗೆ ಹೋಗುತ್ತದೆ. ಶಾಲೆಯ ಚಿತ್ರ ಈ ಕೋಶದ್ದೇ. ಕಿರುಮೆದುಳಿನಲ್ಲಿರುವ ಪರ್ಕಿಂಜೆ ಕೋಶದ ಡೆಂಡ್ರೈಟುಗಳಂತೂ ಚಪ್ಪಟೆಯಾಗಿ ಹರಡಿದ ದೊಡ್ಡ ಮರದ ಹಾಗೆ. ಅಂಥ ಒಂದೇ ಕೋಶ ಲಕ್ಷಕ್ಕೂ ಹೆಚ್ಚು ಕಡೆಯಿಂದ ಸುದ್ದಿ ಕೇಳುತ್ತದೆ. ಮನುಷ್ಯನ ಮೆದುಳಿನಲ್ಲಿ ಇಂಥ ನಾನಾ ಆಕಾರದ ಕೋಶಗಳು ಸುಮಾರು 8,600 ಕೋಟಿ ಇವೆ. ಅವುಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ಹಿಂಬದಿಯ ಪುಟ್ಟ ಕಿರುಮೆದುಳಿನಲ್ಲಿ. ಯೋಚನೆ ಮಾಡುವ ಹೊರಪದರದಲ್ಲಿ ಅಲ್ಲ!

ಒಂದು ಜಗಳ, ಒಂದು ಬಹುಮಾನ

ಇವು ಬಿಡಿಬಿಡಿ ಕೋಶಗಳು ಎಂದು ನಾನು ಸಲೀಸಾಗಿ ಬರೆದುಬಿಟ್ಟೆ. 19ನೇ ಶತಮಾನದಲ್ಲಿ ಇದೇ ದೊಡ್ಡ ಜಗಳ. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣ ಬಳಸಿ ನರಕೋಶಗಳಿಗೆ ಕಪ್ಪು ಬಣ್ಣ ಹಾಕುವ ವಿಧಾನ ಕಂಡುಹಿಡಿದ. ಅದರ ಚಂದ ಏನೆಂದರೆ, ಅದು ನೂರಾರು ಕೋಶಗಳಲ್ಲಿ ಒಂದೆರಡಕ್ಕೆ ಮಾತ್ರ ಬಣ್ಣ ಕೊಡುತ್ತದೆ. ಎಲ್ಲಕ್ಕೂ ಬಣ್ಣ ಹತ್ತಿದ್ದರೆ ಕಪ್ಪು ಮುದ್ದೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಅದೇ ವಿಧಾನವನ್ನು ಇನ್ನಷ್ಟು ಪಳಗಿಸಿ, ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತು ಚಿತ್ರ ಬಿಡಿಸಿದ. ಎಲ್ಲವೂ ಒಂದಕ್ಕೊಂದು ಬೆಸೆದ ಬಲೆ ಎಂದು ಗಾಲ್ಜಿ ವಾದ. ಇಲ್ಲ, ಪ್ರತಿಯೊಂದೂ ಬೇರೆ ಕೋಶ, ತುದಿಗಳು ಹತ್ತಿರ ಬರುತ್ತವೆ ಅಷ್ಟೆ ಎಂದು ಕಹಾಲ್ ವಾದ. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಬಹುಮಾನ ಕೊಟ್ಟರು. ಗಾಲ್ಜಿ ಅಲ್ಲಿ ಮಾಡಿದ ಭಾಷಣದಲ್ಲೂ ಕಹಾಲನ ಪಕ್ಷವನ್ನು ಒಪ್ಪಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೋಶಗಳ ನಡುವಿನ ಸಂದಿಯನ್ನು ಕಣ್ಣಾರೆ ತೋರಿಸಿತು. ಕಹಾಲ್ ಗೆದ್ದಿದ್ದ, ನೋಡಲು ಬದುಕಿರಲಿಲ್ಲ.

ಪೊರೆಯ ಮೇಲಿನ ಮಿಂಚು

ಈಗ ಬೆರಳಿಗೆ ವಾಪಸ್ ಬರೋಣ. ಬಡಿದಾಗ ಸುದ್ದಿ ಹುಟ್ಟುವುದು ಹೇಗೆ?

ಎಲ್ಲ ಕೋಶಗಳಂತೆ ನರಕೋಶವನ್ನೂ ತೆಳ್ಳಗಿನ ಪೊರೆ ಸುತ್ತಿದೆ. ಪೊರೆಯ ಹೊರಗೆ ಸೋಡಿಯಂ ಅಯಾನುಗಳು, ಅಂದರೆ ಧನ ವಿದ್ಯುತ್ತು ಹೊತ್ತ ಕಣಗಳು, ಜಾಸ್ತಿ. ಒಳಗೆ ಪೊಟ್ಯಾಸಿಯಂ ಜಾಸ್ತಿ. ಇದು ತಾನಾಗಿ ಆದದ್ದಲ್ಲ. ಪೊರೆಯಲ್ಲಿರುವ ಪ್ರೋಟೀನ್ ಪಂಪುಗಳು ಹಗಲೂ ರಾತ್ರಿ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ ಅಂತ ದುಡಿಯುತ್ತಲೇ ಇರುತ್ತವೆ. ಒಳಗಿನ ಪೊಟ್ಯಾಸಿಯಂ ಪೊರೆಯ ಸಣ್ಣ ಕಂಡಿಗಳಿಂದ ಅಷ್ಟಿಷ್ಟು ಹೊರಗೆ ಸೋರುತ್ತದೆ. ಸೋರುವಾಗ ತನ್ನ ಧನ ವಿದ್ಯುತ್ತನ್ನೂ ಹೊತ್ತೊಯ್ಯುತ್ತದೆ. ಹಾಗಾಗಿ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿ ಉಳಿಯುತ್ತದೆ.

70 ಮಿಲಿವೋಲ್ಟ್ ಕೇಳಲು ಏನೂ ಅಲ್ಲ. ಆದರೆ ಪೊರೆಯ ದಪ್ಪ ನೋಡಿ, ಒಂದು ಮಿಲಿಮೀಟರಿನ ಲಕ್ಷ ಪಾಲಿನಲ್ಲಿ ಒಂದಕ್ಕಿಂತಲೂ ಕಡಿಮೆ. ಅಷ್ಟು ತೆಳ್ಳನೆಯ ಗೋಡೆಯ ಆಚೀಚೆ ಇಷ್ಟು ವ್ಯತ್ಯಾಸ ಎಂದರೆ, ಲೆಕ್ಕದಲ್ಲಿ ಒಂದು ಮೀಟರಿಗೆ ಒಂದು ಕೋಟಿ ವೋಲ್ಟ್ ಇದ್ದ ಹಾಗೆ. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ನರಕೋಶ ಸುಮ್ನೆ ಕೂತಿದೆ ಅಂತ ಅನ್ನಿಸುವಾಗಲೂ ಅದು ಎಳೆದು ಹಿಡಿದ ಬಿಲ್ಲು. ಮೆದುಳಿನ ತೂಕ ದೇಹದ ಶೇ 2ರಷ್ಟು. ಆದರೂ ವಿಶ್ರಾಂತಿಯಲ್ಲಿರುವಾಗ ದೇಹದ ಶಕ್ತಿಯ ಶೇ 20ರಷ್ಟು ಅದೇ ತಿನ್ನುತ್ತದೆ. ಅದರಲ್ಲಿ ದೊಡ್ಡ ಪಾಲು ಹೋಗುವುದು ಹೀಗೆ ಬಿಲ್ಲು ಎಳೆದಿಡುವುದಕ್ಕೆ.

ಬೆರಳು ಬಡಿದಾಗ ತುದಿಯ ಪೊರೆ ಜಗ್ಗುತ್ತದೆ. ಅಲ್ಲಿನ ಕೆಲವು ಬಾಗಿಲುಗಳು ತೆರೆದು ಸ್ವಲ್ಪ ಧನ ವಿದ್ಯುತ್ತು ಒಳಗೆ ಬರುತ್ತದೆ. -70 ಇದ್ದದ್ದು -65, -60 ಆಗುತ್ತದೆ. -55ರ ಆಸುಪಾಸಿಗೆ ಬಂದರೆ ಆಟವೇ ಬದಲು. ಆ ಮಟ್ಟದಲ್ಲಿ ತೆರೆಯುವ ಬೇರೊಂದು ಬಗೆಯ ಸೋಡಿಯಂ ಬಾಗಿಲುಗಳಿವೆ. ಒಂದು ತೆರೆದರೆ ಸೋಡಿಯಂ ನುಗ್ಗುತ್ತದೆ. ನುಗ್ಗಿದ್ದರಿಂದ ಪಕ್ಕದ್ದು ತೆರೆಯುತ್ತದೆ. ಕಣ್ಣು ಮಿಟುಕಿಸುವ ಹೊತ್ತಿನ ನೂರನೇ ಒಂದು ಪಾಲಿನಲ್ಲಿ ಒಳಭಾಗ +30 ಮುಟ್ಟುತ್ತದೆ. ತಕ್ಷಣ ಸೋಡಿಯಂ ಬಾಗಿಲು ಮುಚ್ಚಿ, ಪೊಟ್ಯಾಸಿಯಂ ಬಾಗಿಲು ತೆರೆದು, ಎಲ್ಲ ಮೊದಲಿನಂತಾಗುತ್ತದೆ. ಒಂದು ಮಿಲಿಸೆಕೆಂಡಿನ ಈ ಏರಿಳಿತವೇ ನರದ ಮಿಡಿತ.

ಈ ಮಿಡಿತ ತಂತಿಯಲ್ಲಿ ಹರಿಯುವ ಕರೆಂಟಿನಂತೆ ಹರಿಯುವುದಿಲ್ಲ. ಪಟಾಕಿಯ ಬತ್ತಿ ಉರಿಯುವುದಕ್ಕೆ ಹೋಲಿಸಬಹುದು. ಬತ್ತಿಯ ಒಂದು ತುಣುಕಿನ ಬೆಂಕಿ ಮುಂದಿನ ತುಣುಕನ್ನು ಹೊತ್ತಿಸುತ್ತದೆ. ಕೊನೆಯ ತುಣುಕಿನ ಬೆಂಕಿ ಮೊದಲಿನದ್ದರಷ್ಟೇ ಜೋರು. ದೂರ ಹೋದಂತೆ ಮಂಕಾಗುವ ಮಾತೇ ಇಲ್ಲ. ಬತ್ತಿ ಉರಿದು ಬೂದಿಯಾಗುತ್ತದೆ, ನರ ಕೆಲವೇ ಮಿಲಿಸೆಕೆಂಡಿನಲ್ಲಿ ಮತ್ತೆ ಹೊತ್ತಿಕೊಳ್ಳಲು ತಯಾರು. ಅಷ್ಟೇ ವ್ಯತ್ಯಾಸ.

ಇನ್ನೊಂದು ಹೋಲಿಕೆಯೂ ಇದೆ. ಬತ್ತಿಗೆ ಸಣ್ಣ ಕಿಡಿ ತಗುಲಿಸಿದರೂ ಪಂಜು ತಗುಲಿಸಿದರೂ ಅದು ಉರಿಯುವುದು ಒಂದೇ ರೀತಿ. ನರದಲ್ಲೂ ಅರ್ಧ ಮಿಡಿತ, ದೊಡ್ಡ ಮಿಡಿತ ಅಂತ ಇಲ್ಲ. ಹಾಗಾದರೆ ಮೆಲ್ಲಗೆ ತಾಗಿದ್ದಕ್ಕೂ ಜೋರಾಗಿ ಬಡಿದದ್ದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಎಣಿಕೆಯಿಂದ. ಜೋರಾಗಿ ಬಡಿದರೆ ಸೆಕೆಂಡಿಗೆ ಹೆಚ್ಚು ಮಿಡಿತ, ಹೆಚ್ಚು ಎಳೆಗಳಲ್ಲಿ ಮಿಡಿತ.

ಬಾಗಿಲುಗಳ ಈ ಲೆಕ್ಕಾಚಾರ ಬಿಡಿಸಿದವರು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ. ಅವರಿಗೆ ನೆರವಾದದ್ದು ಸ್ಕ್ವಿಡ್ ಎಂಬ ಕಡಲಜೀವಿ. ಅದರ ಒಂದು ಆಕ್ಸಾನ್ ಅರ್ಧ ಮಿಲಿಮೀಟರಿಗೂ ದಪ್ಪ. ಒಳಗೆ ತಂತಿ ತೂರಿಸಿ ವೋಲ್ಟೇಜ್ ಅಳೆಯಬಹುದು. 1952ರಲ್ಲಿ ಅವರು ಪ್ರಕಟಿಸಿದ ಸಮೀಕರಣಗಳು ಇವತ್ತಿಗೂ ಬಳಕೆಯಲ್ಲಿವೆ. ಅಂದಹಾಗೆ, ಹಲ್ಲು ಕೀಳುವ ಮುಂಚೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಮಾಡುವುದು ಇಷ್ಟೇ: ಆ ಸೋಡಿಯಂ ಬಾಗಿಲುಗಳಿಗೆ ಅಡ್ಡ ನಿಲ್ಲುತ್ತದೆ. ಹಲ್ಲಿಗೆ ಏನೂ ಆಗಿರುವುದಿಲ್ಲ. ಬತ್ತಿ ಹೊತ್ತುವುದಿಲ್ಲ, ಅಷ್ಟೆ.

ಮೂರು ಎಳೆ, ಮೂರು ವೇಗ

ಸ್ಕ್ವಿಡ್‌ಗೆ ಅಷ್ಟು ದಪ್ಪದ ಆಕ್ಸಾನ್ ಯಾಕೆ? ವೇಗಕ್ಕೆ. ಅಪಾಯ ಬಂದಾಗ ಛಂಗನೆ ಚಿಮ್ಮಿ ಓಡಬೇಕು. ಎಳೆ ದಪ್ಪವಾದಷ್ಟೂ ಮಿಡಿತ ಬೇಗ ಸಾಗುತ್ತದೆ. ಅಷ್ಟು ದಪ್ಪ ಇದ್ದರೂ ಅದಕ್ಕೆ ಸಿಗುವುದು ಸೆಕೆಂಡಿಗೆ 25 ಮೀಟರಿನ ಆಸುಪಾಸಿನ ವೇಗ. ನಮ್ಮ ಕಾಲಿನ ನರದಲ್ಲಿ ಸಾವಿರಾರು ಎಳೆಗಳು ಹಾಗೇ ಇದ್ದಿದ್ದರೆ ನರವೇ ಕಾಲಿನ ಜಾಗವನ್ನು ನುಂಗಿಬಿಡುತ್ತಿತ್ತು!

ಬೆನ್ನುಮೂಳೆ ಇರುವ ಪ್ರಾಣಿಗಳು ಬೇರೆ ಉಪಾಯ ಕಂಡುಕೊಂಡವು. ಎಳೆಗೆ ಕೊಬ್ಬಿನ ಸುತ್ತು ಹಾಕುವುದು. ಶ್ವಾನ್ ಕೋಶ ಎಂಬ ನೆರವಿನ ಕೋಶ ತನ್ನ ಪೊರೆಯನ್ನೇ ಆಕ್ಸಾನಿಗೆ ಮತ್ತೆ ಮತ್ತೆ ಸುತ್ತುತ್ತದೆ. ಬ್ಯಾಂಡೇಜ್ ಸುತ್ತಿದ ಹಾಗೆ. ಇದೇ ಮಯಲಿನ್ ಪದರ. ನರ ಬೆಳ್ಳಗೆ ಕಾಣುವುದು ಇದರಿಂದಲೇ. ದಪ್ಪ ಎಳೆಗಳಲ್ಲಿ ಸುಮಾರು ಒಂದು ಮಿಲಿಮೀಟರಿಗೊಮ್ಮೆ ಸುತ್ತು ನಿಂತು, ಕೂದಲೆಳೆಗಿಂತ ಕಿರಿದಾದ ಜಾಗ ಬರಿದಾಗಿರುತ್ತದೆ. ಸೋಡಿಯಂ ಬಾಗಿಲುಗಳೆಲ್ಲ ಅಲ್ಲೇ ಗುಂಪುಗೂಡಿವೆ. ಮಿಡಿತ ಪ್ರತಿ ತುಣುಕಿನಲ್ಲೂ ಹೊತ್ತಿಕೊಳ್ಳಬೇಕಿಲ್ಲ. ಒಂದು ಬರಿದಾದ ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಸ್ಕ್ವಿಡ್‌ನ ಎಳೆಯ ಐವತ್ತನೇ ಒಂದು ಪಾಲು ದಪ್ಪದ ಎಳೆಯಲ್ಲೇ ಅದರ ಎರಡು ಪಟ್ಟು ವೇಗ ಸಿಗುತ್ತದೆ.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ‘ಏನೋ ತಾಗಿತು’ ಎಂಬ ಸ್ಪರ್ಶದ ಸುದ್ದಿ ದಪ್ಪನೆಯ, ಚೆನ್ನಾಗಿ ಸುತ್ತು ಹಾಕಿದ ಎಳೆಗಳಲ್ಲಿ ಬರುತ್ತದೆ. ಸೆಕೆಂಡಿಗೆ 50 ಮೀಟರ್ ಅಂತಿಟ್ಟುಕೊಂಡರೆ ಬೆರಳಿನಿಂದ ಮೆದುಳಿನ ಬುಡಕ್ಕೆ 0.03 ಸೆಕೆಂಡ್. ಮೊದಲ ಚುರುಕು ನೋವು ತೆಳ್ಳನೆಯ, ಸ್ವಲ್ಪವೇ ಸುತ್ತಿರುವ ಎಳೆಗಳಲ್ಲಿ ಬರುತ್ತದೆ. ಅವುಗಳ ವೇಗ 5ರಿಂದ 30 ಮೀಟರ್. ಉರಿಯುವ ಆ ಅಸಲಿ ನೋವು ತರುವ ಎಳೆಗಳು ಇನ್ನೂ ತೆಳು, ಮಯಲಿನ್ ಇಲ್ಲವೇ ಇಲ್ಲ. ಸೆಕೆಂಡಿಗೆ ಸುಮಾರು ಒಂದು ಮೀಟರ್. ನಾವು ಆರಾಮಾಗಿ ನಡೆಯುವ ವೇಗಕ್ಕಿಂತ ಕಡಿಮೆ! ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರ್ ದಾರಿ, ಒಂದು ಸೆಕೆಂಡ್. ಹಲ್ಲು ಕಚ್ಚಿ ಕಾದ ಆ ಬಿಡುವು ಇದೇ. ಮೂಗಿಗೆ ಪೆಟ್ಟು ಬಿದ್ದರೆ ಇಷ್ಟು ಕಾಯಬೇಕಾಗುವುದಿಲ್ಲ. ದಾರಿ ಹತ್ತಿರ.

ಮಯಲಿನ್ ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ಕೆಲವು ಕಾಯಿಲೆಗಳೇ ಸಾಕ್ಷಿ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರಕ್ಷಣಾ ಕೋಶಗಳು ಮೆದುಳು, ಬೆನ್ನುಹುರಿಗಳ ಮಯಲಿನ್ ಮೇಲೆಯೇ ದಾಳಿ ಮಾಡುತ್ತವೆ. ಮಿಡಿತ ತಡವಾಗುತ್ತದೆ, ಕೆಲವೊಮ್ಮೆ ನಡುದಾರಿಯಲ್ಲೇ ನಿಲ್ಲುತ್ತದೆ. ಕೂತು ಕೂತು ಕಾಲು ಜೋಮು ಹಿಡಿಯುವುದು ಇಷ್ಟು ಗಂಭೀರವಲ್ಲ, ಬಿಡಿ. ಅಲ್ಲಿ ನರ ಒತ್ತಿಕೊಂಡು, ರಕ್ತ ಸರಿಯಾಗಿ ಸಿಗದೆ ಮಿಡಿತ ತಡೆದಿರುತ್ತದೆ. ಒತ್ತಡ ಬಿಟ್ಟಾಗ ಎಳೆಗಳು ಅಡ್ಡಾದಿಡ್ಡಿ ಮಿಡಿಯುತ್ತವೆ. ಆ ‘ಇರುವೆ ಹರಿದಾಟ’ ಅದೇ.

ಸಂದಿ ದಾಟುವುದು

ಬೆನ್ನುಹುರಿ ಮುಟ್ಟಿದ ನೋವಿನ ಎಳೆ ಅಲ್ಲಿಗೆ ಮುಗಿಯಿತು. ಮುಂದಿನ ಕೋಶ ಶುರು. ನಡುವೆ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಸಂದಿ. ಈ ಕೂಡುಜಾಗಕ್ಕೆ ಸಿನಾಪ್ಸ್ ಎಂದು ಹೆಸರು. ಮಿಡಿತ ಈ ಸಂದಿಯನ್ನು ಹಾರುವುದಿಲ್ಲ. ಅದು ತುದಿಗೆ ಬಂದಾಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ತುದಿಯಲ್ಲಿ ರಾಸಾಯನಿಕ ತುಂಬಿಟ್ಟುಕೊಂಡ ಪುಟ್ಟ ಚೀಲಗಳಿರುತ್ತವೆ. ಕ್ಯಾಲ್ಸಿಯಂ ತಾಗಿದೊಡನೆ ಅವು ಪೊರೆಗೆ ಅಂಟಿ ಬಾಯಿ ಬಿಡುತ್ತವೆ. ಚೆಲ್ಲಿದ ರಾಸಾಯನಿಕ ಆಚೆ ದಡದ ಬಾಗಿಲುಗಳನ್ನು ತಟ್ಟುತ್ತದೆ.

ಇದು ರಾಸಾಯನಿಕವೇ ಎಂದು ತೋರಿಸಿದ ಕಥೆ ಮಜವಾಗಿದೆ. ಆಟ್ಟೊ ಲೋವಿ ಎಂಬ ವಿಜ್ಞಾನಿಗೆ ರಾತ್ರಿ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು. ಎದ್ದು ಗೀಚಿಕೊಂಡು ಮಲಗಿದರು. ಬೆಳಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲು ಬರಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಕಾಗದ ನಂಬದೆ ನೇರ ಪ್ರಯೋಗಾಲಯಕ್ಕೇ ಹೋದರು. ಒಂದು ಕಪ್ಪೆಯ ಹೃದಯಕ್ಕೆ ಅಂಟಿದ ನರವನ್ನು ಕೆಣಕಿ ಬಡಿತ ನಿಧಾನ ಮಾಡಿದರು. ಅದು ಮುಳುಗಿದ್ದ ದ್ರವವನ್ನು ನರವನ್ನೇ ತೆಗೆದುಹಾಕಿದ್ದ ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ದ್ರವದಲ್ಲಿ ಏನೋ ಇದೆ ಎಂದಾಯಿತು. 1921ರಲ್ಲಿ ಪ್ರಕಟವಾದ ಆ ಪ್ರಯೋಗದ ‘ಏನೋ’ ಅಸಿಟೈಲ್‌ಕೋಲಿನ್ ಎಂದು ಆಮೇಲೆ ತಿಳಿಯಿತು. ನಮ್ಮ ಸ್ನಾಯುಗಳನ್ನು ಕುಗ್ಗಿಸುವುದೂ ಅದೇ ರಾಸಾಯನಿಕ. ನಾಗರಹಾವಿನ ವಿಷ ಸ್ನಾಯುವಿನ ಮೇಲಿನ ಅದರ ಬಾಗಿಲುಗಳಿಗೆ ಬೀಗ ಹಾಕುತ್ತದೆ. ಉಸಿರಾಟದ ಸ್ನಾಯುವೂ ನಿಂತಾಗ ಜೀವ ಹೋಗುತ್ತದೆ.

ಸಿನಾಪ್ಸ್ ಸುದ್ದಿಯನ್ನು ಅರ್ಧ ಮಿಲಿಸೆಕೆಂಡಿಗಿಂತ ಜಾಸ್ತಿ ತಡ ಮಾಡುತ್ತದೆ. ಆರೋಗ್ಯವಾಗಿರುವ ಆಕ್ಸಾನಿನಲ್ಲಿ ಮಿಡಿತ ಸೋಲುವುದು ಅಪರೂಪ, ಇಲ್ಲಿ ಸೋಲಬಹುದು. ಇಷ್ಟು ತೊಂದರೆಯ ಏರ್ಪಾಡು ಯಾಕೆ, ನೇರ ಬೆಸೆದಿದ್ದರೆ ಆಗುತ್ತಿರಲಿಲ್ಲವೇ? ಅಲ್ಲೇ ಇರುವುದು ಗುಟ್ಟು. ಎಲ್ಲ ಬೆಸೆದಿದ್ದರೆ ಎಲ್ಲಿ ತಟ್ಟಿದರೂ ಇಡೀ ಮೈ ಮಿಡಿಯುತ್ತಿತ್ತು. ಸಂದಿ ಇರುವುದರಿಂದ ‘ಬೇಡ’ ಎನ್ನಲು ಅವಕಾಶವಿದೆ. ಕೆಲವು ರಾಸಾಯನಿಕಗಳು ಮುಂದಿನ ಕೋಶವನ್ನು -55ರ ಕಡೆ ತಳ್ಳುತ್ತವೆ. ಗಾಬಾ, ಗ್ಲೈಸಿನ್‌ನಂಥವು ಸಾಮಾನ್ಯವಾಗಿ ಅದರಿಂದ ದೂರ ಹಿಡಿದಿಡುತ್ತವೆ. ಒಂದು ಕೋಶದ ಮೇಲೆ ಸಾವಿರಾರು ಸಿನಾಪ್ಸ್‌ಗಳು ಕೆಲವು ‘ಹೂಂ’, ಕೆಲವು ‘ಊಹೂಂ’ ಎನ್ನುತ್ತಿರುತ್ತವೆ. ಕೋಶ ಎಲ್ಲವನ್ನೂ ಕೂಡಿ ಕಳೆಯುತ್ತದೆ. ಗಡಿ ದಾಟಿದರೆ ಮಿಡಿತ, ಇಲ್ಲದಿದ್ದರೆ ಮೌನ. ಯಾವ ತಂತಿ ಹೀಗೆ ಲೆಕ್ಕ ಹಾಕುತ್ತದೆ ಹೇಳಿ?

‘ಊಹೂಂ’ ಎಷ್ಟು ಮುಖ್ಯ ಎಂಬುದಕ್ಕೆ ಧನುರ್ವಾಯುವೇ ಉದಾಹರಣೆ. ಗಾಯದಲ್ಲಿ ಬೆಳೆದ ರೋಗಾಣುವಿನ ವಿಷ ಆಕ್ಸಾನಿನ ಹಿಮ್ಮುಖ ಸಾಗಣೆ ಹಿಡಿದು ಬೆನ್ನುಹುರಿಗೆ ಹೋಗುತ್ತದೆ. ಅಲ್ಲಿ ‘ಬೇಡ’ ಎನ್ನುವ ಕೋಶಗಳ ಬಾಯಿ ಕಟ್ಟುತ್ತದೆ. ತಡೆಯುವವರಿಲ್ಲದೆ ಸ್ನಾಯುಗಳೆಲ್ಲ ಒಟ್ಟಿಗೆ ಸೆಟೆದು, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಹೆಸರು ಇಟ್ಟವರು ಸರಿಯಾಗಿಯೇ ನೋಡಿದ್ದರು.

ನಿಮ್ಮ ಬೆರಳು ಬಡಿದಾಗಲೂ ಈ ಕೂಡಿ-ಕಳೆಯುವ ಕೆಲಸ ನಡೆದೇ ಇತ್ತು. ಕಾಲನ್ನು ಹಿಂದಕ್ಕೆ ಎಳೆಯುವ ಅಪ್ಪಣೆ ಬೆನ್ನುಹುರಿಯಿಂದಲೇ ಹೊರಟಿತು, ಮೆದುಳನ್ನು ಕೇಳಲಿಲ್ಲ. ಅದೇ ಹೊತ್ತಿಗೆ ಆ ಕಾಲನ್ನು ಚಾಚುವ ಸ್ನಾಯುಗಳಿಗೆ ‘ಸುಮ್ಮನಿರಿ’ ಎಂಬ ಸುದ್ದಿ ಹೋಯಿತು. ಇನ್ನೊಂದು ಕಾಲಿಗೆ ‘ಗಟ್ಟಿಯಾಗಿ ನಿಲ್ಲು’ ಎಂಬ ಸುದ್ದಿಯೂ ಹೋಯಿತು. ನೀವು ಒಂಟಿ ಕಾಲಲ್ಲಿ ಕುಣಿದಿರೇ ಹೊರತು ಬೀಳಲಿಲ್ಲ, ಅಲ್ವಾ?

ಆಮೇಲೆ ನೀವು ಬಗ್ಗಿ ಬೆರಳನ್ನು ಹಿಡಿದು ಗಸಗಸ ಉಜ್ಜಿಕೊಂಡಿರಿ. ಯಾರೂ ಹೇಳಿಕೊಡದೆ ಎಲ್ಲರೂ ಮಾಡುವ ಕೆಲಸ. ಅದರಿಂದ ನಿಜಕ್ಕೂ ನೋವು ಸ್ವಲ್ಪ ತಗ್ಗುತ್ತದೆ. ಯಾಕಿರಬಹುದು ಎಂಬುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ವಿವರಣೆ ಕೊಟ್ಟರು. ವಿವರಗಳು ಆಮೇಲೆ ಬದಲಾದರೂ ತಿರುಳು ಉಳಿದಿದೆ. ಉಜ್ಜಿದಾಗ ಮಿಡಿಯುವುದು ಸ್ಪರ್ಶದ ಆ ದಪ್ಪ ಎಳೆಗಳು. ಬೆನ್ನುಹುರಿಯಲ್ಲಿ ಅವು ‘ಊಹೂಂ’ ಎನ್ನುವ ಕೋಶಗಳನ್ನು ಎಬ್ಬಿಸುತ್ತವೆ. ಅವು ನೋವಿನ ಸುದ್ದಿಯನ್ನು ಮೇಲೆ ದಾಟಿಸುವ ಕೋಶದ ಮೇಲೆ ಕೂತು ಅದನ್ನು ಹಿಡಿದಿಡುತ್ತವೆ. ತೆಳ್ಳನೆಯ ಎಳೆಗಳಲ್ಲಿ ಮಿಡಿತಗಳು ಸೆಕೆಂಡಿಗೆ ಒಂದು ಮೀಟರಿನಂತೆ ಇನ್ನೂ ಬರುತ್ತಲೇ ಇರುತ್ತವೆ. ಬಂದವುಗಳಲ್ಲಿ ಕೆಲವಕ್ಕೆ ಸಂದಿಯಲ್ಲೇ ಬಾಗಿಲು ಹಾಕಿರುತ್ತದೆ.